ರಮೇಶ್ ಕುಮಾರ್ ತಂದ ಆಸ್ಪತ್ರೆ ಕಾಯ್ದೆ: ಸ್ವಂತ ಪಕ್ಷದೊಳಗೆ ನಿಂತು ಹಾಗೆ ಕೇಳುವವರು ಈಗ ಯಾರಿದ್ದಾರೆ?

ಮಾವಿನತೋಪು (ಶ್ರೀನಿವಾಸಪುರ ತಾಲ್ಲೂಕು)

ಹೋದ ತಿಂಗಳು ನಮ್ಮ ಭಾವನವರು ತೀರಿಕೊಂಡರು. ಒಂದು ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಆರು ದಿನ ಇದ್ದರು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಅದು ಬೇರೆ ಕಡೆ ಇತ್ಯರ್ಥವಾಗಬೇಕಾದ ವಿಷಯ. ರಾತ್ರಿ ಎರಡು ಗಂಟೆಗೆ ಪ್ರಾಣ ಹೋಯಿತು. ಕೌಂಟರಿನಲ್ಲಿದ್ದ ಹುಡುಗ, ಒಂದು ಲಕ್ಷ ಮೂವತ್ತು ಸಾವಿರ ಬಾಕಿಯಿದೆ, ಕಟ್ಟಿದ ಮೇಲೆ ಶವ ಕೊಡುತ್ತೇವೆ ಎಂದ. ನಮ್ಮ ಓರಗಿತ್ತಿ ಅಷ್ಟರಲ್ಲೇ ತಾಳಿಯನ್ನು ಬಿಡಿಸಿಟ್ಟುಕೊಂಡು, ಸರವನ್ನು ಮಾತ್ರ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೈಯಲ್ಲಿ ಹಿಡಿದು ಕೂತಿದ್ದರು. ಬೆಳಗಾದ ಮೇಲೆ ಗಿರವಿ ಅಂಗಡಿ ತೆರೆಯುವುದನ್ನು ಕಾಯುವುದೆಂದು ಅವರ ಲೆಕ್ಕ. ಗಂಡನ ದೇಹ ಒಳಗಿದೆ, ಅವರು ಗಿರವಿ ಅಂಗಡಿಯ ಹೊತ್ತು ಕೇಳುತ್ತಿದ್ದಾರೆ.

ನನ್ನ ಮಗ ಮೊಬೈಲಿನಲ್ಲಿ ಹುಡುಕಿ, ರೋಗಿ ಸತ್ತರೆ ಬಾಕಿಗೋಸ್ಕರ ದೇಹವನ್ನು ತಡೆದಿಡುವಂತಿಲ್ಲ, ಹಣವನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು ಎನ್ನುವ ನಿಯಮವನ್ನು ತೆಗೆದು ಕೌಂಟರಿನಲ್ಲಿ ಗಟ್ಟಿಯಾಗಿ ಓದಿದ. ಹುಡುಗ ಒಳಗೆ ಫೋನ್ ಮಾಡಿದ. ಮುಕ್ಕಾಲು ಗಂಟೆಯ ಮೇಲೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ದೇಹ ಕೊಟ್ಟರು.

ಆ ನಿಯಮ 2017ರಲ್ಲಿ ತಿದ್ದುಪಡಿಯಾದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿದೆ ಎಂದು ಆಮೇಲೆ ತಿಳಿಯಿತು. ತಂದವರು ನಮ್ಮ ಕ್ಷೇತ್ರದವರೇ, ಆಗ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್. ನಾನು ಅವರಿಗೆ ಓಟು ಹಾಕಿದ್ದೇನೆಯೋ ಇಲ್ಲವೋ ಅದು ನನ್ನ ಗುಟ್ಟು. ಆದರೆ ಆ ರಾತ್ರಿಯಿಂದ ಒಂದೇ ಪ್ರಶ್ನೆ ತಲೆಯಲ್ಲಿದೆ. ಎಲ್ಲರಿಗೂ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಸಿಗಬೇಕೆಂದು ತನ್ನದೇ ಪಕ್ಷದ ಸಭೆಯಲ್ಲಿ ಎದ್ದು ನಿಂತು ಹೇಳುವ ಶಾಸಕ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ನಮ್ಮ ಮೂರು ಜಿಲ್ಲೆಗಳಲ್ಲಿ ಈಗ ಯಾರಿದ್ದಾರೆ? ಯಾವ ಪಕ್ಷದವರಾದರೂ ಸರಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಅಕ್ಕ, ನಿಮ್ಮ ಮಗನಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ತಂದೆ ತೀರಿಕೊಂಡಾಗ ಈ ಮಾತು ನಮಗೆ ಗೊತ್ತಿರಲಿಲ್ಲ. ಗೂಡಿನ ಹಣವನ್ನು ಮುಂಗಡ ತಂದು ಕಟ್ಟಿದೆವು.

ಕೈವಾರದ ಹಾದಿ (ಚಿಂತಾಮಣಿ)

ಯಾರೂ ಇಲ್ಲ. ಬೇರೆ ಪ್ರಶ್ನೆ ಕೇಳಿ.

ಮಧುಗಿರಿ ಬೆಟ್ಟ

ದುಃಖದಲ್ಲಿರುವವರ ಎದುರು ವಾದ ಮಾಡಬಾರದು, ಆದರೂ ಇತಿಹಾಸವನ್ನು ಪೂರ್ತಿ ಹೇಳೋಣ. ಆ ಮಸೂದೆ 2017ರ ಜೂನಿನಲ್ಲಿ ಮಂಡನೆಯಾದಾಗ ಇದ್ದ ರೂಪ ಬೇರೆ, ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸಾದ ರೂಪ ಬೇರೆ. ಮೊದಲು ಎಲ್ಲ ಚಿಕಿತ್ಸೆಗೂ ಸರ್ಕಾರ ದರ ಗೊತ್ತುಪಡಿಸುವುದೆಂದಿತ್ತು, ಹೆಚ್ಚು ವಸೂಲಿ ಮಾಡಿದರೆ ಜೈಲು ಎಂದಿತ್ತು. ವೈದ್ಯರು ಬೀದಿಗಿಳಿದರು, ರಾಜ್ಯದ ಉದ್ದಗಲಕ್ಕೂ ಹೊರರೋಗಿ ವಿಭಾಗಗಳು ಮುಚ್ಚಿದವು, ಹೈಕೋರ್ಟ್ ಮಧ್ಯೆ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈದ್ಯರ ಸಂಘದವರೊಂದಿಗೆ ಕೂತು ಮಾತನಾಡಿದರು. ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಮಾತ್ರ ಎಂದು ಕುಗ್ಗಿತು, ಹೆಚ್ಚು ಬಿಲ್ಲಿಗೆ ಜೈಲು ಎನ್ನುವುದು ಹೋಯಿತು. ಹಾಗಾದರೆ ಪಕ್ಷದೊಳಗೆ ಅವರು ಗೆದ್ದರೇ, ಸೋತರೇ? ನನ್ನ ಪ್ರಕಾರ ಮುಕ್ಕಾಲು ಪಾಲು ಸೋತರು.

ಮಾವಿನತೋಪು

ಉಳಿದ ಕಾಲು ಪಾಲಿನಲ್ಲೇ ಅಣ್ಣ, ನಾವು ಬೆಳಗಾಗುವುದರೊಳಗೆ ದೇಹವನ್ನು ಊರಿಗೆ ತಂದದ್ದು.

ನರ್ಸಿಂಗ್ ಹೋಂ ವೈದ್ಯ (ತಿಪಟೂರು)

ನಾನು 2017ರಲ್ಲಿ ಆ ಮಸೂದೆಯ ವಿರುದ್ಧ ಪ್ರತಿಭಟಿಸಲು ಬೆಳಗಾವಿಗೆ ಹೋದ ವೈದ್ಯರಲ್ಲಿ ಒಬ್ಬ. ಬೈಯುವವರು ಬೈಯಬಹುದು, ಆದರೆ ನನ್ನ ಮಾತು ಕೇಳಿದ ಮೇಲೆ ಬೈಯಿರಿ.

ಮಾವಿನತೋಪು ಅವರೇ, ನಿಮಗಾದದ್ದು ತಪ್ಪು. ದೇಹವನ್ನು ಒತ್ತೆಯಿಟ್ಟುಕೊಳ್ಳುವುದನ್ನು ನಾನು ಆಗಲೂ ಸಮರ್ಥಿಸಲಿಲ್ಲ, ಈಗಲೂ ಸಮರ್ಥಿಸುವುದಿಲ್ಲ. ನಮ್ಮದು ಇಪ್ಪತ್ತು ಹಾಸಿಗೆಯ ಆಸ್ಪತ್ರೆ. ನಾನು ಮತ್ತು ನನ್ನ ಹೆಂಡತಿ ಇಬ್ಬರೇ ವೈದ್ಯರು. ರಾತ್ರಿ ಹೆರಿಗೆ ಬಂದರೆ ಅರಿವಳಿಕೆ ತಜ್ಞರು ತುಮಕೂರಿನಿಂದ ಬರಬೇಕು, ಎಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್. ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ನಮಗೂ ಒಂದೇ ದರಪಟ್ಟಿ ಹಾಕಿದರೆ ಮೊದಲು ಮುಚ್ಚುವುದು ನಾವು. ದೊಡ್ಡವರು ವಕೀಲರನ್ನಿಟ್ಟು ಉಳಿದುಕೊಳ್ಳುತ್ತಾರೆ.

ಇನ್ನೊಂದು ಮಾತು. ನಾವು ಆಗ ಕೇಳಿದ್ದು, ಅದೇ ಕಾಯ್ದೆಗೆ ಸರ್ಕಾರಿ ಆಸ್ಪತ್ರೆಗಳನ್ನೂ ಏಕೆ ಸೇರಿಸುವುದಿಲ್ಲ ಎಂದು. ಹಾಸಿಗೆಗೆ ಇಷ್ಟು ಜಾಗ, ಇಷ್ಟು ಜನ ನರ್ಸ್ ಎಂದು ನನಗೆ ಕಟ್ಟುಪಾಡು ವಿಧಿಸುವವರು, ತಮ್ಮ ತಾಲ್ಲೂಕು ಆಸ್ಪತ್ರೆಗೆ ಅದನ್ನೇ ವಿಧಿಸಲಿ. ಇದಕ್ಕೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಬಾಗೇಪಲ್ಲಿ ಬಸ್ ನಿಲ್ದಾಣ

ಡಾಕ್ಟರೇ, ಮುಷ್ಕರದ ಆ ದಿನಗಳಲ್ಲಿ ನಾನು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೂರು ಕ್ಲಿನಿಕ್ ಸುತ್ತಿದೆ. ಮೂರಕ್ಕೂ ಬೀಗ. ಜ್ವರ 103 ಇತ್ತು. ಕೊನೆಗೆ ನೋಡಿದ್ದು ಸರ್ಕಾರಿ ಆಸ್ಪತ್ರೆಯ ಡ್ಯೂಟಿ ವೈದ್ಯೆ. ಅವರ ಮುಂದೆ ಇನ್ನೂರು ಜನರ ಸಾಲಿತ್ತು. ನಿಮ್ಮ ವಾದದಲ್ಲಿ ನ್ಯಾಯ ಇರಬಹುದು, ಆದರೆ ಆ ಬೀಗವನ್ನು ನಾನು ಮರೆತಿಲ್ಲ.

ನರ್ಸಿಂಗ್ ಹೋಂ ವೈದ್ಯ (ತಿಪಟೂರು)

ಅದನ್ನು ಒಪ್ಪಿಕೊಳ್ಳುತ್ತೇನೆ. ಹೊರರೋಗಿ ವಿಭಾಗ ಮುಚ್ಚಿದ್ದು ನಮ್ಮ ತಪ್ಪು.

ಟೊಮೆಟೊ ಮಂಡಿ (ಕೋಲಾರ)

ಮಾವಿನತೋಪು ಅವರೇ, ಒಂದು ವಿಷಯ ಅರ್ಥವಾಗಲಿಲ್ಲ. ಆಯುಷ್ಮಾನ್ ಕಾರ್ಡ್ ಇರಲಿಲ್ಲವೇ? ಐದು ಲಕ್ಷದವರೆಗೆ ಉಚಿತವಲ್ಲವೇ? ರಮೇಶ್ ಕುಮಾರ್ ತಂದದ್ದೂ ಅದನ್ನೇ ಅಲ್ಲವೇ?

ಮಾವಿನತೋಪು

ಭಾವನ ಮನೆಯದು ಎಪಿಎಲ್ ಕಾರ್ಡು. ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲೂ ಇರಲಿಲ್ಲ. ಎದೆ ಹಿಡಿದುಕೊಂಡು ಬಿದ್ದವರನ್ನು ಹತ್ತಿರದ ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತೇವೆಯೇ ಹೊರತು ಪಟ್ಟಿ ನೋಡಿಕೊಂಡು ಹೋಗುತ್ತೇವೆಯೇ?

ಮಧುಗಿರಿ ಬೆಟ್ಟ

ಟೊಮೆಟೊ ಮಂಡಿ ಅವರು ಎರಡನ್ನು ಕಲಸಿದ್ದಾರೆ, ಬಿಡಿಸುತ್ತೇನೆ. 'ಆರೋಗ್ಯ ಕರ್ನಾಟಕ' ಶುರುವಾದದ್ದು 2018ರ ಮಾರ್ಚ್ 2ರಂದು, ರಮೇಶ್ ಕುಮಾರ್ ಸಚಿವರಾಗಿದ್ದಾಗ. ವಾಜಪೇಯಿ ಆರೋಗ್ಯಶ್ರೀ, ಯಶಸ್ವಿನಿ, ರಾಜೀವ್ ಆರೋಗ್ಯ ಭಾಗ್ಯ ಇವುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿದ್ದು ಅದು. ಕೇಂದ್ರದ ಆಯುಷ್ಮಾನ್ ಭಾರತ್ ವಿಮೆ ಬಂದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಎರಡನ್ನೂ ಜೋಡಿಸಿದ್ದು ಅಕ್ಟೋಬರ್ ಕೊನೆಗೆ, ಆಗ ಸರ್ಕಾರ ಬದಲಾಗಿ ಸಮ್ಮಿಶ್ರ ಸರ್ಕಾರ ಇತ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ, ಅಂದರೆ ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ಮೊತ್ತದಲ್ಲಿ, ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಎಲ್ಲರಿಗೂ ಕಾರ್ಡು ಕೊಡುತ್ತಾರೆ, ಆದರೆ ಎಲ್ಲರಿಗೂ ಒಂದೇ ಚಿಕಿತ್ಸೆ ಅಲ್ಲ.

ಟೊಮೆಟೊ ಮಂಡಿ (ಕೋಲಾರ)

ಸರಿ, ತಿದ್ದಿಕೊಂಡೆ. ಆದರೆ ಯಶಸ್ವಿನಿಯನ್ನು ಅದರಲ್ಲಿ ಕರಗಿಸಿದ್ದು ದೊಡ್ಡ ತಪ್ಪು. ಅದು 2003ರಿಂದ ಸಹಕಾರ ಸಂಘದ ಸದಸ್ಯರದ್ದೇ ಆದ ಯೋಜನೆ. ಹಾಲಿನ ಡೈರಿಗೆ ಹಾಲು ಹಾಕುವ ಹೆಂಗಸರು ತಮ್ಮ ಕೈಯಿಂದ ವಂತಿಗೆ ಕಟ್ಟುತ್ತಿದ್ದರು, ಹಾಗಾಗಿ ಹಕ್ಕಿನಿಂದ ಕೇಳುತ್ತಿದ್ದರು. ನನ್ನ ತಾಯಿಯ ಗರ್ಭಕೋಶದ ಶಸ್ತ್ರಚಿಕಿತ್ಸೆ ಅದರಲ್ಲೇ ಆಯಿತು. ನಿಲ್ಲಿಸಿದ ಮೇಲೆ ನಮ್ಮ ಡೈರಿಯ ಕಾರ್ಯದರ್ಶಿಗೆ ಜನ ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಮತ್ತೆ ಶುರುವಾಗಿದೆ, ಸರಿ. ನಡುವೆ ಹೋದ ವರ್ಷಗಳಲ್ಲಿ ಸತ್ತವರಿಗೆ ಯಾರು ಲೆಕ್ಕ ಕೊಡುತ್ತಾರೆ?

ಚಾಂಪಿಯನ್ ರೀಫ್ (ಕೆಜಿಎಫ್)

ನನ್ನ ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ದುಡಿದವರು. ಈ ಚರ್ಚೆಯಲ್ಲಿ ಎಲ್ಲರೂ ಕಾರ್ಡಿನ ಬಗ್ಗೆ ಮಾತನಾಡುತ್ತಿದ್ದೀರಿ, ನಾನು ಕಟ್ಟಡದ ಬಗ್ಗೆ ಹೇಳುತ್ತೇನೆ.

ನಮ್ಮಲ್ಲಿ ಗಣಿಯ ಆಸ್ಪತ್ರೆ ಇತ್ತು. ಅಪ್ಪನ ಕಾಲಿಗೆ ಕಲ್ಲು ಬಿದ್ದಾಗ ಒಳಗಿನಿಂದ ಮೇಲೆ ತಂದು ನೇರ ಅಲ್ಲಿಗೇ ಒಯ್ದರು. ಯಾರೂ ದುಡ್ಡು ಕೇಳಲಿಲ್ಲ, ಕಾರ್ಡು ಕೇಳಲಿಲ್ಲ. ನಾನು ಹುಟ್ಟಿದ್ದೂ ಅಲ್ಲೇ. ಎಕ್ಸ್‌-ರೇ ಕೋಣೆಯ ಹೊರಗೆ ಉದ್ದದ ಮರದ ಬೆಂಚು, ಅದರ ಮೇಲೆ ಕೆಮ್ಮುವ ಗಂಡಸರ ಸಾಲು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಲ್ಲಿನ ಧೂಳು ಕುಡಿದ ಎದೆಗಳು ಅವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದರೊಂದಿಗೆ ಆಸ್ಪತ್ರೆಯೂ ಹೋಯಿತು. ಕೆಮ್ಮು ಮಾತ್ರ ಉಳಿಯಿತು. ಅಪ್ಪ ಆಮೇಲೆ ಎಂಟು ವರ್ಷ ಬದುಕಿದ್ದರು. ತಿಂಗಳಿಗೊಮ್ಮೆ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೆ.

ಪಕ್ಷದೊಳಗೆ ನಿಲ್ಲುವ ಮಾತು ಬಂದಿದ್ದರಿಂದ ಒಂದು ಹೆಸರು ಹೇಳುತ್ತೇನೆ. ಬ್ರಿಟನ್ನಿನ ಅನ್ಯೂರಿನ್ ಬೆವನ್. ಅವರೂ ಗಣಿಯವರೇ. ವೇಲ್ಸ್‌ನ ಟ್ರೆಡೆಗರ್ ಎಂಬ ಕಲ್ಲಿದ್ದಲ ಊರಿನಲ್ಲಿ 1897ರಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗಲೇ ಗಣಿಗಿಳಿದವರು. ಆ ಊರಿನ ಕಾರ್ಮಿಕರು ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ವೈದ್ಯಕೀಯ ನೆರವಿನ ಸಂಘ ನಡೆಸುತ್ತಿದ್ದರು. ಬೆವನ್ ಆರೋಗ್ಯ ಸಚಿವರಾದಾಗ ಅದನ್ನೇ ಇಡೀ ದೇಶಕ್ಕೆ ಹಬ್ಬಿಸಿದರು. 1948ರ ಜುಲೈ 5ರಿಂದ ಅಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ, ದುಡ್ಡು ತೆರಿಗೆಯಿಂದ. ಆಸ್ಪತ್ರೆಗಳನ್ನು ರಾಷ್ಟ್ರೀಕರಿಸುವುದಕ್ಕೆ ಅವರ ಲೇಬರ್ ಪಕ್ಷದ ಸಂಪುಟದೊಳಗೇ ವಿರೋಧವಿತ್ತು. ಹರ್ಬರ್ಟ್ ಮಾರಿಸನ್ ಎಂಬ ಹಿರಿಯ ನಾಯಕರು ಆಸ್ಪತ್ರೆಗಳು ಸ್ಥಳೀಯ ಸಂಸ್ಥೆಗಳ ಕೈಯಲ್ಲೇ ಇರಲಿ ಎಂದು ಪಟ್ಟು ಹಿಡಿದರು. ವೈದ್ಯರ ಸಂಘವಂತೂ ಕೊನೆಯ ಕೆಲವು ತಿಂಗಳವರೆಗೆ ಸೇರುವುದಿಲ್ಲ ಎನ್ನುತ್ತಲೇ ಇತ್ತು. ಬೆವನ್ ಕದಲಲಿಲ್ಲ. 1951ರ ಏಪ್ರಿಲಿನಲ್ಲಿ ಅವರದೇ ಸರ್ಕಾರ ಕನ್ನಡಕಕ್ಕೂ ಕಟ್ಟಿಸಿದ ಹಲ್ಲಿಗೂ ಶುಲ್ಕ ಹಾಕಲು ಹೊರಟಾಗ ರಾಜೀನಾಮೆ ಬರೆದುಕೊಟ್ಟು ಹೊರಬಂದರು. ಕನ್ನಡಕಕ್ಕೆ! ಇದನ್ನು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೈವಾರದ ಹಾದಿ (ಚಿಂತಾಮಣಿ)

ಆಮೇಲೆ ಅದೇ ವರ್ಷ ಅಕ್ಟೋಬರಿನ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಅದನ್ನೂ ಹೇಳಿ. ರಾಜೀನಾಮೆ ಕೊಟ್ಟು ಪಕ್ಷವನ್ನು ಒಡೆದರೆ ಬಡವರಿಗೆ ಏನು ಸಿಕ್ಕಿತು? ಒಳಗಿದ್ದು ಕೆಲಸ ಮಾಡಿಸುವುದು ದೊಡ್ಡದು.

ಚಾಂಪಿಯನ್ ರೀಫ್ (ಕೆಜಿಎಫ್)

ಸೋತ ಮೇಲೂ ಆ ವ್ಯವಸ್ಥೆ ಉಳಿಯಿತಲ್ಲ ಸರ್. ಗೆದ್ದ ಪಕ್ಷಕ್ಕೂ ಅದನ್ನು ಕಿತ್ತುಹಾಕಲು ಆಗಲಿಲ್ಲ. ಜನರ ಕೈಗೆ ಸಿಕ್ಕಿದ್ದನ್ನು ಯಾವ ಸರ್ಕಾರವೂ ಸುಲಭವಾಗಿ ಕಸಿಯುವುದಿಲ್ಲ. ನಮ್ಮಲ್ಲಿ ಪಡಿತರ ಅಕ್ಕಿಯನ್ನು ಯಾರಾದರೂ ನಿಲ್ಲಿಸಲಿ ನೋಡೋಣ.

ನರ್ಸಿಂಗ್ ಹೋಂ ವೈದ್ಯ (ತಿಪಟೂರು)

ಬೆವನ್ ಕದಲಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ದೊಡ್ಡ ತಜ್ಞ ವೈದ್ಯರಿಗೆ ಖಾಸಗಿ ಪ್ರಾಕ್ಟೀಸ್ ಬಿಟ್ಟುಕೊಟ್ಟರು. ಸರ್ಕಾರಿ ಆಸ್ಪತ್ರೆಯಲ್ಲೇ ಹಣ ಕೊಡುವ ರೋಗಿಗಳ ಹಾಸಿಗೆಗೂ ಒಪ್ಪಿದರು. ಹಾಗೆ ಬಾಗಿದ್ದರಿಂದಲೇ ವೈದ್ಯರು ಒಳಗೆ ಬಂದರು. ನಮ್ಮಲ್ಲಿ 2017ರಲ್ಲಿ ಮೊದಲು ಜೈಲಿನ ಮಾತು ಬಂತು, ಸಂಧಾನ ಆಮೇಲೆ ಬಂತು. ಆ ಅನುಕ್ರಮವೇ ತಪ್ಪಾಯಿತು ಎನ್ನುವುದು ನನ್ನ ಅಭಿಪ್ರಾಯ.

ಚಾಂಪಿಯನ್ ರೀಫ್ (ಕೆಜಿಎಫ್)

ಬಾಗಿದ್ದು ನಿಜ ಡಾಕ್ಟರೇ, ಒಪ್ಪಿದೆ. ಆದರೆ ವೈದ್ಯರ ವರಮಾನದ ವಿಷಯದಲ್ಲಿ ಬಾಗಿದರು. ರೋಗಿ ಬಾಗಿಲಲ್ಲಿ ದುಡ್ಡು ಕೊಡಬಾರದು ಎನ್ನುವುದರಲ್ಲಿ ಬಾಗಲಿಲ್ಲ. ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ಗೊತ್ತಿತ್ತು.

ಪಾವಗಡ ಬಿಸಿಲು

ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಸ್ಟಾಫ್ ನರ್ಸ್. ಗುತ್ತಿಗೆ ಆಧಾರ, ಅದಕ್ಕೇ ಊರಿನ ಹೆಸರು ಬರೆಯುವುದಿಲ್ಲ. ಲಂಡನ್, ಬೆಳಗಾವಿ ಎಲ್ಲ ಸುತ್ತಿದಿರಿ, ಒಂದು ಗುರುವಾರ ನಮ್ಮ ಕೇಂದ್ರಕ್ಕೆ ಬನ್ನಿ.

ಗುರುವಾರ ಲಸಿಕೆಯ ದಿನ. ಎಂಟೂವರೆಗೆ ಐಸ್‌ಲೈನ್ಡ್ ಫ್ರಿಜ್‌ನಿಂದ ಲಸಿಕೆ ತೆಗೆದು ಕ್ಯಾರಿಯರ್‌ಗೆ ತುಂಬಿಸಬೇಕು. ಒಂಬತ್ತಕ್ಕೆ ಹೊರರೋಗಿಗಳು. ಒಬ್ಬರೇ ವೈದ್ಯರು. ಅವರಿಗೆ ಅವತ್ತೇ ತಾಲ್ಲೂಕಿನಲ್ಲಿ ಸಭೆಯಿದ್ದರೆ ಬಂದವರನ್ನೆಲ್ಲ ನಾನೇ ಸಂಭಾಳಿಸಬೇಕು. ಬಿಪಿ, ಸಕ್ಕರೆ ಕಾಯಿಲೆಯವರು ಚೀಟಿ ಹಿಡಿದು ನಿಂತಿರುತ್ತಾರೆ. ಮಾತ್ರೆ ಒಂದು ತಿಂಗಳಿಗೆ ಕೊಡಬೇಕು, ಸ್ಟಾಕು ಕಡಿಮೆಯಿದ್ದರೆ ಹತ್ತು ದಿನಕ್ಕೆ ಕೊಡುತ್ತೇನೆ. ಹತ್ತು ದಿನದ ಮೇಲೆ ಮತ್ತೆ ಬರಲು ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬರುವುದಿಲ್ಲ. ಆರು ತಿಂಗಳ ಮೇಲೆ ಪಾರ್ಶ್ವವಾಯು ಹೊಡೆದು 108ರಲ್ಲಿ ಹೋಗುತ್ತಾರೆ. ಆಗ ಐದು ಲಕ್ಷದ ಕಾರ್ಡು ಕೆಲಸಕ್ಕೆ ಬರುತ್ತದೆ. ಆ ಮಾತ್ರೆಗೆ ಎಷ್ಟು ದುಡ್ಡಾಗುತ್ತಿತ್ತು ಲೆಕ್ಕ ಹಾಕಿ.

ಮೊಣಕಾಲು, ಬೆನ್ನು ಬಗ್ಗದವರು ಬರುತ್ತಾರೆ, ಫ್ಲೋರೈಡ್ ನೀರು ಕುಡಿದವರು. ಅದಕ್ಕೆ ಯಾವ ಕಾರ್ಡಿನಲ್ಲಿ ಪ್ಯಾಕೇಜ್ ಇದೆ? ಬೇಕಾಗಿರುವುದು ನೀರು.

ರೇಷ್ಮೆಗೂಡು (ಶಿಡ್ಲಘಟ್ಟ)

ಸಿಸ್ಟರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಅಪ್ಪನದ್ದೂ ಇದೇ ಕಥೆ. ಬಿಪಿ ಮಾತ್ರೆ ಬಿಟ್ಟಿದ್ದರು.

ಬಾಗೇಪಲ್ಲಿ ಬಸ್ ನಿಲ್ದಾಣ

ನೀರಿನ ಮಾತು ಬಂತು, ಆದ್ದರಿಂದ ಹೇಳಿಬಿಡುತ್ತೇನೆ. ರಮೇಶ್ ಕುಮಾರ್ ಹೆಸರು ಹೇಳಿದರೆ ನಮ್ಮ ಕಡೆ ಜನ ಆಸ್ಪತ್ರೆ ಕಾಯ್ದೆಯನ್ನಲ್ಲ, ಕೆ.ಸಿ. ವ್ಯಾಲಿಯನ್ನು ನೆನೆಯುತ್ತಾರೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಟ್ಟರು. ಮೂರನೇ ಹಂತ ಎಲ್ಲಿ? ಆರೋಗ್ಯದ ಬಗ್ಗೆ ಅಷ್ಟು ಕಾಳಜಿಯಿದ್ದರೆ ಮೊದಲು ಅದನ್ನು ಕೇಳಬೇಕಿತ್ತು.

ಟೊಮೆಟೊ ಮಂಡಿ (ಕೋಲಾರ)

ಆ ನೀರು ಬಂದ ಮೇಲೆ ನಮ್ಮ ತೋಟದ ಕೊಳವೆಬಾವಿ ಮತ್ತೆ ಬದುಕಿತು. ಕೆರೆಯಲ್ಲಿ ನೀರು ನೋಡಿ ನನ್ನ ಅಜ್ಜಿ ಅತ್ತರು. ಹದಿನೈದು ವರ್ಷ ಆ ಕೆರೆಯಲ್ಲಿ ಜಾಲಿ ಮುಳ್ಳು ಬಿಟ್ಟು ಬೇರೇನೂ ಇರಲಿಲ್ಲ. ಮೂರನೇ ಹಂತ ಬೇಕು, ನಿಜ, ನಾನೂ ಕೇಳುತ್ತೇನೆ. ಅದಕ್ಕಾಗಿ ಬಂದ ನೀರನ್ನೇ ಬೈಯಬೇಡಿ.

ಹಳೇ ಕಂಡಕ್ಟರ್ (ಮುಳಬಾಗಿಲು)

ಶ್ರೀನಿವಾಸಪುರದಲ್ಲಿ ರೆಡ್ಡಿ, ಸ್ವಾಮಿ (ರಮೇಶ್ ಕುಮಾರ್ ಅವರನ್ನು ಜನ ಕರೆಯುವುದು ಹಾಗೆ) ಎರಡೇ ಪಕ್ಷ, ಉಳಿದದ್ದೆಲ್ಲ ಚಿಹ್ನೆ ಮಾತ್ರ. 2023ರಲ್ಲಿ ವೆಂಕಟಶಿವಾರೆಡ್ಡಿಯವರು ಗೆದ್ದರು, ರಮೇಶ್ ಕುಮಾರ್ ಸೋತರು. ಆ ಚುನಾವಣೆಯ ಯಾವ ಭಾಷಣದಲ್ಲೂ ಆಸ್ಪತ್ರೆ ಕಾಯ್ದೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಮಾಡಿದ್ದನ್ನು ಅವರ ಕಡೆಯವರೇ ಹೇಳಲಿಲ್ಲ, ಎದುರಿನವರು ಕೇಳಲಿಲ್ಲ. ಓಟು ಕೇಳಲು ಬಂದವರನ್ನು ನಾವು ಚರಂಡಿ, ರಸ್ತೆ, ಸಮುದಾಯ ಭವನ ಕೇಳುತ್ತೇವೆ. ತಾಲ್ಲೂಕು ಆಸ್ಪತ್ರೆಗೆ ಅರಿವಳಿಕೆ ವೈದ್ಯರು ಬೇಕೆಂದು ಒಬ್ಬನಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಶಾಸಕ ಪಕ್ಷದೊಳಗೆ ಏಕೆ ನಿಲ್ಲುತ್ತಾನೆ ಹೇಳಿ? ಬೆನ್ನ ಹಿಂದೆ ನಾವಿದ್ದರೆ ತಾನೇ?

ಕಲ್ಪತರು (ತುಮಕೂರು)

ಅವರನ್ನು ಇಷ್ಟು ಹೊಗಳುವ ಮೊದಲು 2021ರ ಡಿಸೆಂಬರಿನಲ್ಲಿ ಸದನದಲ್ಲಿ ಹೆಣ್ಣುಮಕ್ಕಳ ವಿಷಯದಲ್ಲಿ ಆಡಿದ ಮಾತನ್ನು ನೆನಪಿಸಿಕೊಳ್ಳಿ. ಮರುದಿನ ಕ್ಷಮೆ ಕೇಳಿದರು, ಆದರೂ ನಾನು ಮರೆಯುವುದಿಲ್ಲ.

ಮಾವಿನತೋಪು

ನಾನೂ ಮರೆತಿಲ್ಲ ಅಕ್ಕ. ಆ ದಿನ ಟಿವಿ ಆರಿಸಿಬಿಟ್ಟೆ. ನಾನು ಇಲ್ಲಿ ಒಬ್ಬ ಮನುಷ್ಯನನ್ನು ಹೊಗಳಲು ಬಂದಿಲ್ಲ. ಒಂದು ನಿಯಮ ಕೆಲಸ ಮಾಡಿತು, ಅಂಥ ಇನ್ನಷ್ಟು ನಿಯಮಗಳು ಬೇಕು, ಅದನ್ನು ಕೇಳುವವರು ಬೇಕು.

ಕಲ್ಪತರು (ತುಮಕೂರು)

ಹಾಗಾದರೆ ನಿಮ್ಮ ಜೊತೆ ಇದ್ದೇನೆ.

ಮಧುಗಿರಿ ಬೆಟ್ಟ

ಕಂಡಕ್ಟರ್ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ರಾಜಸ್ಥಾನದಲ್ಲಿ 2023ರ ಮಾರ್ಚಿನಲ್ಲಿ ಆರೋಗ್ಯವನ್ನು ಹಕ್ಕು ಎಂದೇ ಕಾಯ್ದೆ ಮಾಡಿದರು. ಅಲ್ಲಿಯೂ ಖಾಸಗಿ ವೈದ್ಯರ ಮುಷ್ಕರ, ಅಲ್ಲಿಯೂ ಸರ್ಕಾರ ರಾಜಿಗೆ ಬಂತು. ಅಂದರೆ ಇದು ಒಬ್ಬ ಸಚಿವರ ಸ್ವಭಾವದ ಪ್ರಶ್ನೆಯಲ್ಲ. ಸರ್ಕಾರದ ಕೈಯಲ್ಲಿ ತನ್ನದೇ ಆದ ಗಟ್ಟಿ ಆಸ್ಪತ್ರೆಗಳಿಲ್ಲದಿದ್ದರೆ ಖಾಸಗಿಯವರು ಬಾಗಿಲು ಹಾಕಿದ ನಾಲ್ಕನೇ ದಿನಕ್ಕೆ ಯಾವ ಮುಖ್ಯಮಂತ್ರಿಯೂ ಮಣಿಯಲೇಬೇಕು. ಕೇಂದ್ರದ 2017ರ ಆರೋಗ್ಯ ನೀತಿಯಲ್ಲಿ 2025ರೊಳಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುತ್ತೇವೆ ಎಂದು ಬರೆದಿದ್ದರು. ಪಕ್ಷದೊಳಗೆ ನಿಲ್ಲುವುದಾದರೆ ಬಜೆಟ್ ಸಭೆಯಲ್ಲಿ ನಿಲ್ಲಬೇಕು. ಡಾಕ್ಟರರೂ, ಪಾವಗಡದ ಸಿಸ್ಟರೂ ಹೇಳುತ್ತಿರುವುದು ಒಂದೇ ಮಾತು ಎಂದು ನನಗನಿಸುತ್ತದೆ.

ನರ್ಸಿಂಗ್ ಹೋಂ ವೈದ್ಯ (ತಿಪಟೂರು)

ಹೌದು. ಸರ್ಕಾರಿ ಆಸ್ಪತ್ರೆ ಗಟ್ಟಿಯಾದರೆ ನನ್ನ ದರ ತಾನಾಗಿ ಇಳಿಯುತ್ತದೆ. ಅದಕ್ಕೆ ಜೈಲು ಬೇಕಿಲ್ಲ.

ಬಾಗೇಪಲ್ಲಿ ಬಸ್ ನಿಲ್ದಾಣ

ಅದು ಗಟ್ಟಿಯಾಗುವವರೆಗೆ ನಾವು ಏನು ಮಾಡಬೇಕು? ದರಪಟ್ಟಿಯನ್ನು ಗೋಡೆಗೆ ಹಾಕಿ ಎಂದು ಕಾಯ್ದೆ ಹೇಳುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಹಾಕಿದ್ದೀರಾ?

ನರ್ಸಿಂಗ್ ಹೋಂ ವೈದ್ಯ (ತಿಪಟೂರು)

ಹಾಕಿದ್ದೇನೆ. ಕನ್ನಡದಲ್ಲೇ, ಕೌಂಟರಿನ ಎಡಗಡೆ. ಬಂದು ನೋಡಿ.

ಮಾವಿನತೋಪು

ಎಲ್ಲರಿಗೂ ಒಂದು ಸಹಾಯ ಕೇಳುತ್ತೇನೆ. ಆ ಆಸ್ಪತ್ರೆಯ ಬಿಲ್ಲನ್ನು ಈಗ ಸಮಾಧಾನವಾಗಿ ಕೂತು ಓದಿದೆ. ಭಾವ ತೀರಿಕೊಂಡ ಮರುದಿನದ ಹಾಸಿಗೆ ಬಾಡಿಗೆಯೂ ಅದರಲ್ಲಿದೆ. ದೂರು ಯಾರಿಗೆ ಕೊಡಬೇಕು?

ಮಧುಗಿರಿ ಬೆಟ್ಟ

ಅದೇ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಎಂದು ಪ್ರತಿ ಜಿಲ್ಲೆಗೂ ಇದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಕೊಡಿ. ಬಿಲ್ಲು, ರಶೀದಿ, ಮರಣದ ಸಮಯ ಇರುವ ಕಾಗದ, ಎಲ್ಲದರ ಜೆರಾಕ್ಸ್ ಲಗತ್ತಿಸಿ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ನರ್ಸಿಂಗ್ ಹೋಂ ವೈದ್ಯ (ತಿಪಟೂರು)

ಕೇಸ್ ಶೀಟ್‌ನ ಪ್ರತಿಯನ್ನೂ ಆಸ್ಪತ್ರೆಯಿಂದ ಲಿಖಿತವಾಗಿ ಕೇಳಿ. ಕೊಡಲೇಬೇಕು. ಸಿಕ್ಕ ಮೇಲೆ ಇಲ್ಲಿ ಹೇಳಿ, ಓದಲು ನಾನು ನೆರವಾಗುತ್ತೇನೆ.

ಮಾವಿನತೋಪು

ಸೋಮವಾರ ಹೋಗುತ್ತೇನೆ. ಓರಗಿತ್ತಿಯೂ ಬರುತ್ತೇನೆ ಎನ್ನುತ್ತಿದ್ದಾರೆ.

ಹಳೇ ಕಂಡಕ್ಟರ್ (ಮುಳಬಾಗಿಲು)

ಕೋಲಾರ ಬಸ್ ನಿಲ್ದಾಣದಲ್ಲಿ ಹತ್ತೂವರೆಗೆ ಇರುತ್ತೇನಮ್ಮ. ಕಚೇರಿಯ ಮೆಟ್ಟಿಲು ಹತ್ತಿ ನನಗೆ ಅಭ್ಯಾಸವಿದೆ. ಹೆಣ್ಣುಮಕ್ಕಳಿಬ್ಬರೇ ಹೋಗುವುದು ಬೇಡ, ನಾನೂ ಬರುತ್ತೇನೆ.

ಟೊಮೆಟೊ ಮಂಡಿ (ಕೋಲಾರ)

ಹರಾಜು ಮುಗಿಸಿಕೊಂಡು ಹನ್ನೊಂದಕ್ಕೆ ನಾನೂ ಅಲ್ಲಿಗೆ ಬರುತ್ತೇನೆ.